ಬರೆಯ ಮುಂದಿನ ಹಿಂಸಾಲು: ಮಡಿಕೇರಿ ಸಮೀಪದ ಒಂದು ಅಂಗಳದಲ್ಲಿ ಎತ್ತರದ ಹೂಗಿಡ ಆರಿಸಿದ ಬಗೆ

ಸೆಪ್ಟೆಂಬರ್ ಆರಂಭದಲ್ಲಿ ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಕಳೆದು ಒಂದು ವಾರವಾಗಿತ್ತು. ಮಡಿಕೇರಿ ಸಮೀಪದ ಒಂದು ಕಾಫಿ ತೋಟದ ಮನೆಯಿಂದ ಫೋನ್ ಬಂತು. "ಒಮ್ಮೆ ಬಂದು ನೋಡ್ತೀರಾ? ಒಂದು ಗಿಡವೂ ನಿಂತಿಲ್ಲ" ಎಂದರು ಆ ಮನೆಯ ಅಕ್ಕ. ಮೇ ತಿಂಗಳಲ್ಲಿ ತುಂಬ ಆಸೆಪಟ್ಟು ನೆಟ್ಟ ಹೂವಿನ ಪಾತಿ ಅದು. ಹೋಂಸ್ಟೇ ನಡೆಸುವ ಮನೆ. ದಸರಾ ರಜೆಗೆ ಬಂದವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಮೊದಲು ಕಣ್ಣಿಗೆ ಬೀಳುವುದೇ ಆ ಪಾತಿ. ನಾನು ಹೋಗಿ ನೋಡಿದರೆ ಡೇಲಿಯಾ ಕೆಸರಿಗೆ ಮುಖ ಒತ್ತಿ ಮಲಗಿತ್ತು, ಸೂರ್ಯಕಾಂತಿ ನಡು ಮುರಿದುಕೊಂಡಿತ್ತು, ಹಾಲಿಹಾಕ್ ಬುಡದಲ್ಲೇ ಕಪ್ಪಾಗಿತ್ತು. ಇವೆಲ್ಲದರ ಹಿಂದೆ, ಗುಡ್ಡ ಕಡಿದಾಗ ಉಳಿದ ಕೆಂಪು ಬರೆ ಬೋಳಾಗಿ ನಿಂತಿತ್ತು.

ಆ ಬರೆಯಿಂದಲೇ ಎಲ್ಲ ಶುರುವಾದದ್ದು. ಅಂಗಳ ಅಗಲ ಮಾಡಲು ಹಿಂದೆ ಯಾವಾಗಲೋ ಗುಡ್ಡದ ಪಾದ ಕಡಿದಿದ್ದರು. ಹಾಗೆ ಉಳಿದದ್ದು 7 ಅಡಿ ಎತ್ತರದ ಮಣ್ಣಿನ ಗೋಡೆ. ಕೊಡಗಿನ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆಲ್ಲ ಇಂಥದ್ದೊಂದು ಬರೆ ಇದ್ದೇ ಇರುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಮೇಲೆ ಬರೆಯ ಬುಡಕ್ಕೆ ಹಾರೆ ಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಹಾಗಾಗಿ ಅಕ್ಕನ ಬೇಡಿಕೆ ಸರಳವಾಗಿತ್ತು: ಬರೆಯನ್ನು ಮುಟ್ಟಬಾರದು, ಆದರೆ ಅದು ಕಾಣಬಾರದು. ಪಾತಿ 42 ಅಡಿ ಉದ್ದ, 9 ಅಡಿ ಅಗಲ. ಮುಂದಿನ ಸಾಲಿಗೂ ನಡುವಿನ ಸಾಲಿಗೂ ಗಿಡ ಹುಡುಕುವುದು ಕಷ್ಟವಲ್ಲ. ಬರೆಗೆ ಬೆನ್ನು ಕೊಟ್ಟು ನಿಲ್ಲಬೇಕಾದ ಹಿಂದಿನ ಸಾಲು, ಅಂದರೆ ಹಿಂಸಾಲು, ಅಷ್ಟು ಸುಲಭವಾಗಿರಲಿಲ್ಲ.

ಅಕ್ಕನ ಮನಸ್ಸಿನಲ್ಲಿದ್ದದ್ದು ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯ ಚಿತ್ರ. ಮುಂದೆ ಗಿಡ್ಡ, ನಡುವೆ ಮಧ್ಯಮ, ಹಿಂದೆ ಡೆಲ್ಫಿನಿಯಂ, ಫಾಕ್ಸ್‌ಗ್ಲವ್, ಹಾಲಿಹಾಕ್‌ಗಳ ನೀಲಿ-ನೇರಳೆ ಗೋಡೆ. ಇಂಥ ಪಾತಿಯನ್ನು ಒಂದು ಕಲೆಯಾಗಿ ಬೆಳೆಸಿದವರಲ್ಲಿ ಗರ್ಟ್ರೂಡ್ ಜೀಕಿಲ್ (1843–1932) ಹೆಸರು ದೊಡ್ಡದು. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಮನ್‌ಸ್ಟೆಡ್ ವುಡ್ ಎಂಬ ತಮ್ಮ ಮನೆಯಲ್ಲಿ ಅವರು 200 ಅಡಿ ಉದ್ದ, 14 ಅಡಿ ಅಗಲದ ಪಾತಿಯನ್ನು ಎತ್ತರದ ಕಲ್ಲುಗೋಡೆಯ ಮುಂದೆ ಮಾಡಿದ್ದರು. ಆ ಅಭಿರುಚಿ ನಮ್ಮ ಕಡೆಗೂ ಬಂದದ್ದು ಕಾಫಿ ತೋಟದ ಬಂಗಲೆಗಳ ದಾರಿಯಲ್ಲಿ. 1854ರಲ್ಲಿ ಫೌಲರ್ ಎಂಬವರು ಮಡಿಕೇರಿ ಬಳಿ ಯೂರೋಪಿಯನ್ನರ ಮೊದಲ ಕಾಫಿ ತೋಟ ತೆರೆದರು. ಮುಂದೆ ಒಂದೊಂದು ಬಂಗಲೆಯ ಮುಂದೂ ಹೂವಿನ ಪಾತಿ ಬಂತು. ಕೊಡಗಿನ ಹೆಂಗಸರ ಕೈಯಲ್ಲಿ ಅದು ಇಲ್ಲಿಯದೇ ಆಗಿಹೋಯಿತು. ಈಗಲೂ ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಡೇಲಿಯಾ ಮುಂದೆ ನಿಂತು ಹೆಸರು, ಬಣ್ಣ, ಗೆಡ್ಡೆಯ ಲೆಕ್ಕ ಮಾತಾಡುವವರ ಗುಂಪು ಕಾಣುತ್ತದೆ.

ಆದರೆ ಚಿತ್ರದ ಜೊತೆ ಹವೆ ಬರುವುದಿಲ್ಲ. ಸರ್ರೆಯಲ್ಲಿ ವರ್ಷವಿಡೀ ಬೀಳುವ ಮಳೆ ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಹೋಗುತ್ತದೆ. ಡೆಲ್ಫಿನಿಯಂಗೆ ಚಳಿಗಾಲದ ನಿಜವಾದ ಚಳಿ ಬೇಕು. ನಮ್ಮ ಡಿಸೆಂಬರ್ ರಾತ್ರಿ ಅದಕ್ಕೆ ಸಾಲದು. ಇದನ್ನು ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. ನನಗೂ ಬೇಸರವೇ. ಆ ನೀಲಿ ಯಾರಿಗೆ ಬೇಡ?

ಬಿದ್ದದ್ದು ಯಾಕೆ

ಗಿಡ ಆರಿಸುವ ಮೊದಲು ಬಿದ್ದ ಗಿಡಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. "ಮಳೆಗೆ ಹೋಯ್ತು" ಎಂದು ಎಲ್ಲವನ್ನೂ ಒಂದೇ ಮಾತಿಗೆ ಸೇರಿಸಿಬಿಡುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಮುಂದಿನ ವರ್ಷಕ್ಕೆ ಏನೂ ಕಲಿಯಲಾಗುವುದಿಲ್ಲ.

ಡೇಲಿಯಾ ಕಿತ್ತರೆ ಗೆಡ್ಡೆ ಮೆತ್ತಗೆ, ನಾತ. ಅದು ಮೆಕ್ಸಿಕೋದ ಬೆಟ್ಟದ ಗಿಡ, ಗೆಡ್ಡೆಯ ಸುತ್ತ ನೀರು ನಿಂತರೆ ಬದುಕುವುದಿಲ್ಲ. ಬಿದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ತಟ್ಟೆಯಗಲದ ಹೂವಿನ ಜಾತಿ ತಂದಿದ್ದರು. ಅಂಥ ಹೂವಿನ ಎಸಳಿನ ನಡುವೆ ಮಳೆನೀರು ತುಂಬಿದರೆ ತಲೆ ಭಾರವಾಗಿ ಕಾಂಡ ಬಾಗುತ್ತದೆ. ಗ್ಲಾಡಿಯೋಲಸ್‌ನದೂ ಅದೇ ಕಥೆ, ತೆನೆಯ ಭಾರ. ಹಾಲಿಹಾಕ್ ಎಲೆಯ ಅಡಿಯಲ್ಲಿ ತುಕ್ಕು ರೋಗದ ಕಿತ್ತಳೆ ಚುಕ್ಕೆ, ಬುಡದಲ್ಲಿ ಕೊಳೆ. ಸೂರ್ಯಕಾಂತಿಯ ಬೇರು ಮಾತ್ರ ಚೆನ್ನಾಗಿತ್ತು. ಮುರಿದ ಜಾಗ ಎಲ್ಲಿ ಎಂದು ಅಳೆದೆ. ಹನ್ನೊಂದು ಗಿಡದಲ್ಲಿ ಒಂಬತ್ತು ಮುರಿದದ್ದು ನೆಲದಿಂದ ಆರೂವರೆ, ಏಳೂವರೆ ಅಡಿಯ ನಡುವೆ.

ಆ ಅಳತೆ ನೋಡಿ ನಾನು ಸ್ವಲ್ಪ ಹೊತ್ತು ಅಲ್ಲೇ ಕೂತೆ. ಬರೆ 7 ಅಡಿ. ಗಿಡ ಅದಕ್ಕಿಂತ ಕೆಳಗಿರುವವರೆಗೆ ಬರೆ ಅದನ್ನು ಗಾಳಿಯಿಂದ ಕಾಯುತ್ತದೆ. ತಲೆ ಬರೆಯ ಅಂಚು ದಾಟಿದ್ದೇ ನೈಋತ್ಯದ ಗಾಳಿ ಮೇಲಿನಿಂದ ಹಾರಿ ಬಂದು ಹೊಡೆಯುತ್ತದೆ. ಬರೆ ಇರುವುದು ಅಂಗಳದ ದಕ್ಷಿಣಕ್ಕೆ, ಪಡುವಣ ತುದಿ ಕಣಿವೆಗೆ ತೆರೆದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಆ ದಿಕ್ಕಿನಿಂದ ಬರುವ ಗಾಳಿಗೆ ಸಿಲ್ವರ್ ಓಕ್ ಕೊಂಬೆಗಳೇ ಉದುರುತ್ತವೆ, ಹೂಗಿಡದ್ದೇನು.

ಎತ್ತರ ಎಂದರೆ ಅಡಿಯ ಲೆಕ್ಕ ಎಂದೇ ನಾವು ತಿಳಿದಿದ್ದೇವೆ. ನರ್ಸರಿಯಲ್ಲಿ "ಎಷ್ಟು ಅಡಿ ಬೆಳೆಯುತ್ತೆ?" ಎಂದು ಕೇಳುತ್ತೇವೆ, ಅವರೂ ಒಂದು ಸಂಖ್ಯೆ ಹೇಳುತ್ತಾರೆ. ಆ ಮಧ್ಯಾಹ್ನ ನನಗೆ ಖಚಿತವಾದದ್ದು, ಕೊಡಗಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ, ಇದು ಎಷ್ಟು ಎತ್ತರ ಇರುತ್ತದೆ? ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಎಷ್ಟು? ಮಳೆಗಾಳಿಯ ತಿಂಗಳಲ್ಲಿ ಬರೆಗಿಂತ ತಗ್ಗಾಗಿದ್ದು, ಗಾಳಿ ಇಳಿದ ಮೇಲೆ ಎದ್ದು ನಿಲ್ಲುವ ಗಿಡ ನಮಗೆ ಬೇಕು. ನೆಂಟರು, ಅತಿಥಿಗಳು ಅಂಗಳದಲ್ಲಿ ಕೂರುವುದೂ ಅಕ್ಟೋಬರ್‌ನಿಂದ ಆಚೆಗೆ. ಜುಲೈಯಲ್ಲಿ ಜಗಲಿಯ ಮುಂದೆ ಪರದೆಯಂತೆ ಮಳೆ ಇಳಿಯುವಾಗ ಹಿಂಸಾಲಿನಲ್ಲಿ ಏನು ಅರಳಿದೆ ಎಂದು ನೋಡುವವರು ಯಾರು?

ಬಿಸಿಲಿನ ಲೆಕ್ಕವನ್ನೂ ಮಾಡಿದೆ. ಇಂಗ್ಲೆಂಡಿನ ಪಾತಿಗಳಿಗೆ ಸಾಮಾನ್ಯವಾಗಿ ಉತ್ತರಕ್ಕೆ ಗೋಡೆ, ದಕ್ಷಿಣದ ಬಿಸಿಲು ಮುಖಕ್ಕೆ. ಇಲ್ಲಿ ಬರೆ ದಕ್ಷಿಣಕ್ಕಿದೆ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. 7 ಅಡಿಯ ಬರೆ ಆಗ ಮಧ್ಯಾಹ್ನವೂ 5 ಅಡಿ ನೆರಳು ಚೆಲ್ಲುತ್ತದೆ. ಅಂದರೆ ಹಿಂಸಾಲಿನ ಗಿಡದ ಕಾಲು ನೆರಳಿನಲ್ಲಿ, ತಲೆ ಬಿಸಿಲಿನಲ್ಲಿ. ಇದನ್ನು ಸಹಿಸುವ ಗಿಡ ಬೇಕು. ಮುಂದಿನ ಸಾಲಿಗೂ ಪೂರ್ತಿ ಬಿಸಿಲು ಸಿಗುವುದಿಲ್ಲ ಎಂಬುದೂ ಇಲ್ಲೇ ತೀರ್ಮಾನವಾಯಿತು. ಹಾಗಾಗಿ ಮುಂದಿನ ಸಾಲು ಹೈಡ್ರೇಂಜಿಯಾಕ್ಕೆ ಹೋಯಿತು, ಆ ವಿಷಯದಲ್ಲಿ ಹೆಚ್ಚು ಚರ್ಚೆಯೇ ಆಗಲಿಲ್ಲ.

ಕೊನೆಗೆ ನೀರು. ಮೂರು ಕಡೆ ಒಂದಡಿ ಗುಂಡಿ ತೋಡಿ, ಬರೆಯಿಂದ ದೂರದಲ್ಲೇ, ನೀರು ತುಂಬಿಸಿ ಕಾದೆವು. ಮೂಡಣ ತುದಿಯ ಗುಂಡಿ ಅರ್ಧ ಗಂಟೆಯಲ್ಲಿ ಖಾಲಿ. ನಡುವಿನದು ಸಂಜೆಯ ಹೊತ್ತಿಗೆ. ಪಡುವಣ ತುದಿಯದರಲ್ಲಿ ಮರುದಿನ ಬೆಳಿಗ್ಗೆಯೂ ನೀರು. "ಅಲ್ಲಿ ಜಲ ಏಳುತ್ತೆ ಮಗಾ, ನಾನು ಮದುವೆಯಾಗಿ ಬಂದಾಗಿನಿಂದ ನೋಡ್ತಿದೀನಿ" ಎಂದರು ಜಗಲಿಯಲ್ಲಿ ಕೂತಿದ್ದ ಅಕ್ಕನ ಅತ್ತೆ. ಅವರನ್ನು ಮೊದಲೇ ಕೇಳಿದ್ದರೆ ಒಂದು ಗುಂಡಿ ಉಳಿಯುತ್ತಿತ್ತು. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 5.2 ಬಂತು. ಕೊಡಗಿನ ಹುಳಿ ಮಣ್ಣಿಗೆ ಇದು ಹೊಸದೇನಲ್ಲ.

ಬರೆಯ ಬುಡದಲ್ಲಿ 2 ಅಡಿ ಖಾಲಿ

ಮೊದಲ ಕೆಲಸ ಗಿಡ ನೆಡುವುದಾಗಿರಲಿಲ್ಲ. ಬರೆಗೂ ಹಿಂಸಾಲಿಗೂ ನಡುವೆ 2 ಅಡಿ ಓಣಿ ಬಿಡಬೇಕು ಎಂದೆ. 9 ಅಡಿಯಲ್ಲಿ 2 ಅಡಿ ಹೋದರೆ ಉಳಿಯುವುದು ಏಳೇ ಅಡಿ. ಅಕ್ಕ ಒಪ್ಪಲು ಎರಡು ದಿನ ತೆಗೆದುಕೊಂಡರು. ಆದರೆ ಈ ಓಣಿಯಿಂದ ಎರಡು ಕೆಲಸ ಆಗುತ್ತದೆ. ಬರೆಯಿಂದ ಜಿನುಗುವ ನೀರು ಪಾತಿಗೆ ನುಗ್ಗದೆ ಪಕ್ಕಕ್ಕೆ ಹರಿದು ಹೋಗುತ್ತದೆ. ಹಳೆಯ ಚರಂಡಿ ಅಲ್ಲೇ ಇತ್ತು, ಅದನ್ನು ಹೊಸದಾಗಿ ಅಗೆಯದೆ ಹೂಳು ಮಾತ್ರ ತೆಗೆಸಿದೆವು. ಎರಡನೆಯದು, ಹಿಂಸಾಲಿನ ಗಿಡಗಳಿಗೆ ಕೋಲು ಕೊಡಲು, ಒಣಗಿದ್ದನ್ನು ಕತ್ತರಿಸಲು ಒಬ್ಬರು ಹಿಂದಿನಿಂದ ನಡೆದು ಹೋಗಬಹುದು. ಮನ್‌ಸ್ಟೆಡ್ ವುಡ್‌ನ ಪಾತಿಯಲ್ಲೂ ಗೋಡೆಯ ಹತ್ತಿರ ಕಾಣದಂಥ ಕಿರುದಾರಿ ಇತ್ತು. ಚಿತ್ರದಲ್ಲಿ ಅದು ಕಾಣುವುದಿಲ್ಲ, ಕಾಣುವುದು ಹೂವು ಮಾತ್ರ. ಅಲ್ಲಿಯ ಕಿರುದಾರಿ ನಮ್ಮಲ್ಲಿ ಚರಂಡಿಯ ಕೆಲಸವನ್ನೂ ಮಾಡಿತು. ಇಂಗ್ಲಿಷ್ ಪಾತಿಯಿಂದ ನಾವು ನಿಜವಾಗಿ ಎರವಲು ಪಡೆದದ್ದು ಇದೊಂದನ್ನೇ ಎಂದು ನನಗನ್ನಿಸುತ್ತದೆ.

ಆರಿಸಿದ್ದು, ಬಿಟ್ಟದ್ದು

ಪಡುವಣ ತುದಿಯ ಜೌಗಿಗೆ ನಾನು ಒಂದು ಕ್ಷಣವೂ ಯೋಚಿಸಲಿಲ್ಲ: ಸುಗಂಧಿ. ಸುರುಳಿ ಸುಗಂಧಿ ಎಂದೂ ಹೇಳುತ್ತಾರೆ. ಶುಂಠಿಯ ಬಳಗ, ಬೆಳ್ಳನೆಯ ಚಿಟ್ಟೆಯಂಥ ಹೂ. ಮಳೆಯಲ್ಲೇ ಅರಳಲು ತೊಡಗಿ ಅಕ್ಟೋಬರ್‌ವರೆಗೂ ಬಿಡುತ್ತದೆ. ನಾಲ್ಕರಿಂದ ಆರು ಅಡಿ, ಅಂದರೆ ಬರೆಯ ಆಸರೆಯೊಳಗೇ. ನೀರು ನಿಂತರೆ ಹಿಗ್ಗುವ ಹೂಗಿಡ ಬೆರಳೆಣಿಕೆಯಷ್ಟು, ಅದರಲ್ಲಿ ಇದೊಂದು. ಸಂಜೆಯಾಗುತ್ತಿದ್ದಂತೆ ಅದರ ಪರಿಮಳ ಏಳುತ್ತದೆ, ರಾತ್ರಿ ಹಾರುವ ಪತಂಗಗಳನ್ನು ಕರೆಯಲು. ಗಾಳಿ ಪಡುವಣದಿಂದ ಬೀಸುವುದರಿಂದ ಪರಿಮಳ ನೇರ ಜಗಲಿಗೆ ಬರುತ್ತದೆ. ಇದನ್ನು ಅಂಗಡಿಯಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ಪಕ್ಕದ ಮನೆಯವರ ಬಾವಿಕಟ್ಟೆಯ ಬಳಿಯಿಂದ ಒಂದು ಬುಟ್ಟಿ ಗೆಡ್ಡೆ ಬಂತು. ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಹೊಸ ದಂಟು ಬರುತ್ತದೆ, ಅದಷ್ಟೇ ಅದರ ಆರೈಕೆ.

ಅದರ ಪಕ್ಕಕ್ಕೆ ಕಾಬಾಳೆ, ಅಂದರೆ ಕ್ಯಾನಾ. ಕೆಂಪು ಎಲೆಯ ಎತ್ತರದ ಜಾತಿ. ಹೂವಿಗಿಂತ ಎಲೆಗಾಗಿ ಹಾಕಿದ್ದು, ಸುಗಂಧಿಯ ಬಿಳುಪಿಗೆ ಹಿನ್ನೆಲೆ ಬೇಕಿತ್ತು.

ನಡುವಿನ ಹದಿನೈದು ಅಡಿ ಅತಿ ಮುಖ್ಯ. ಜಗಲಿಯ ಕುರ್ಚಿಯಿಂದ ಕಣ್ಣು ನೇರ ಹೋಗುವುದು ಅಲ್ಲಿಗೆ. ಅಕ್ಕನಿಗೆ ಡೇಲಿಯಾ ಬಿಡಲು ಮನಸ್ಸಿರಲಿಲ್ಲ. "ನಮ್ಮವ್ವನ ಮನೇಲಿ ಡೇಲಿಯಾ ಇಲ್ಲದ ಅಂಗಳ ಇರಲಿಲ್ಲ" ಎಂದರು. ಹಾಗಾದರೆ ಮರ ಡೇಲಿಯಾ ಹಾಕೋಣ ಎಂದೆ. ಇದು ಮೆಕ್ಸಿಕೋದಿಂದ ಕೊಲಂಬಿಯಾವರೆಗಿನ ಬೆಟ್ಟಗಳ ಗಿಡ, ಬಿದಿರಿನಂತೆ ಗೆಣ್ಣು ಗೆಣ್ಣಾಗಿ 12 ಅಡಿಗೂ ಮೇಲೆ ಹೋಗುತ್ತದೆ. ಹೂ ತಿಳಿನೇರಳೆ, ತಲೆ ತಗ್ಗಿಸಿ ತೂಗುತ್ತದೆ. ಬರೆಯ ಮೇಲೆ ಹೋದದ್ದೆಲ್ಲ ಮುರಿಯುತ್ತದೆ ಎಂದು ಹೇಳಿದವರೇ 12 ಅಡಿಯ ಗಿಡ ತರುತ್ತಿದ್ದಾರಲ್ಲ ಎಂದು ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ಅದರ ಕಾಂಡ ಟೊಳ್ಳು, ಜುಲೈ ಗಾಳಿಗೆ ಸಿಕ್ಕರೆ ಉಳಿಯುವುದಿಲ್ಲ. ಆದರೆ ಹಗಲು ಗಿಡ್ಡವಾದ ಮೇಲೆಯೇ ಅದು ಮೊಗ್ಗು ಕಟ್ಟುವುದು, ಅರಳುವಾಗ ನವೆಂಬರ್. ಅಲ್ಲಿಯವರೆಗೆ ಅದನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಜೂನ್ ಕೊನೆಯಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟರೆ ಗಾಳಿಯ ತಿಂಗಳಿಡೀ ಬರೆಯ ಮರೆಯಲ್ಲಿ ಚಿಗುರುತ್ತದೆ. ಸೆಪ್ಟೆಂಬರ್ ಮುಗಿಯುವಾಗ ಆರು ಅಡಿ. ಗಾಳಿ ಇಳಿದ ಮೇಲೆ ಅಂಚು ದಾಟಿ ಬಿಸಿಲಿಗೆ ತಲೆ ಎತ್ತಿ, ಎಂಟು ಒಂಬತ್ತು ಅಡಿಯಲ್ಲಿ ಅರಳುತ್ತದೆ. ಕತ್ತರಿಸಿದ್ದರಿಂದ ಒಂದರ ಬದಲು ಮೂರು ನಾಲ್ಕು ಕಾಂಡ ಬರುತ್ತದೆ, ಅದು ಲಾಭವೇ. ಗೆಡ್ಡೆಗೆ ನೀರು ನಿಲ್ಲಬಾರದು ಎಂದು ಆ ಹದಿನೈದು ಅಡಿಗೆ ಮಾತ್ರ ಒಂದಡಿ ಏರಿಯ ಮೇಲೆ ನೆಟ್ಟೆವು. ಹೊಸ ಗಿಡಕ್ಕೆ ಗೆಡ್ಡೆಯೇ ಬೇಕೆಂದಿಲ್ಲ. ಎರಡು ಗೆಣ್ಣಿರುವ ಕಾಂಡದ ತುಂಡನ್ನು ಮಣ್ಣಿನಲ್ಲಿ ಅಡ್ಡ ಮಲಗಿಸಿದರೆ ಸಾಕು.

ಮೂಡಣ ತುದಿ ಒಣ ನೆಲ, ಬಿಸಿಲು ಹೆಚ್ಚು. ಅಲ್ಲಿ ಟಿಬೊಚಿನಾ ಹಾಕಬೇಕೆಂದು ಅಕ್ಕ ಅಂದುಕೊಂಡಿದ್ದರು. ಬ್ರೆಜಿಲ್‌ನ ಆ ನೇರಳೆ ಹೂವಿನ ಪೊದೆ ಹುಳಿ ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ, ನಿಜ. ಆದರೆ ಕೊಂಬೆ ಬಲು ಪೆಡಸು. ಅದರ ಬಳಗದ್ದೇ ನಮ್ಮ ನೆಕ್ಕರಿಕೆ ತೋಟದ ಬೇಲಿಯಲ್ಲಿ, ಗದ್ದೆ ಏರಿಯಲ್ಲಿ ತಾನಾಗಿ ಬೆಳೆಯುತ್ತದೆ. ಐದಾರು ಅಡಿಯ ಗಟ್ಟಿ ಪೊದೆ, ಗುಲಾಬಿ ಬೆರೆತ ನೇರಳೆ ಹೂ, ವರ್ಷದ ಬಹುಕಾಲ ಬಿಡುತ್ತದೆ. ಹಣ್ಣು ತಿಂದರೆ ನಾಲಿಗೆ ಕಪ್ಪು. ಅದರ ಮೆಲಸ್ಟೋಮ ಎಂಬ ಸಸ್ಯಶಾಸ್ತ್ರದ ಹೆಸರಿಗೂ ಗ್ರೀಕ್‌ನಲ್ಲಿ ಕಪ್ಪು ಬಾಯಿ ಎಂದೇ ಅರ್ಥ. "ಕಾಡುಗಿಡ ತಂದು ಅಂಗಳದಲ್ಲಿ ಹಾಕೋದಾ?" ಎಂದು ಅಕ್ಕ ಹಿಂಜರಿದರು. ಬಾಲ್ಯದಲ್ಲಿ ಶಾಲೆಯಿಂದ ಬರುತ್ತಾ ನೆಕ್ಕರಿಕೆ ಹಣ್ಣು ತಿಂದದ್ದನ್ನು ಅತ್ತೆ ನೆನಪಿಸಿಕೊಂಡರು, ಅಲ್ಲಿಗೆ ಅದು ತೀರ್ಮಾನವಾಯಿತು. ಇದರಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ: ನಮ್ಮ ಮಳೆಯಲ್ಲೇ ಹುಟ್ಟಿ ಬೆಳೆದ ಕಾಂಡಕ್ಕೆ ಕೋಲು ಬೇಕಾಗುವುದಿಲ್ಲ. ನರ್ಸರಿಗೆ ಹೋಗುವ ಮೊದಲು ಬೇಲಿಯ ಆಚೆ ಒಮ್ಮೆ ನೋಡಬೇಕು.

ನೆಕ್ಕರಿಕೆಯ ಪಕ್ಕ ಪಗೋಡ ಹೂ, ಕೆಲವರು ರಥಪುಷ್ಪ ಎನ್ನುತ್ತಾರೆ. ಕೆಂಪು-ಕಿತ್ತಳೆಯ ಗೋಪುರ, ಐದಡಿ. ಮಳೆಯಲ್ಲೇ ಅರಳುತ್ತದೆ, ಚಿಟ್ಟೆಗಳಿಗೆ ಹಬ್ಬ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮಳೆ ಬಿಟ್ಟ ಬೆಳಗ್ಗೆ ಬಂದು ಹೂವಿನ ಮೇಲೆ ರೆಕ್ಕೆ ಬಡಿಯುತ್ತಾ ನಿಲ್ಲುವುದನ್ನು ಒಮ್ಮೆ ನೋಡಿದರೆ ಈ ಗಿಡ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಎರಡು ಪಾಯಿನ್ಸೆಟಿಯಾ ಹಾಕಿದೆವು, ಪಾತಿಯ ಎರಡು ಕಡೆ ಒಂದೊಂದು. ಕುಂಡದಲ್ಲಿ ಒಂದಡಿ ಇರುವ ಆ ಗಿಡ ನೆಲಕ್ಕೆ ಬಿದ್ದರೆ ಕೊಡಗಿನಲ್ಲಿ ಎಂಟು ಹತ್ತು ಅಡಿ ಹೋಗುತ್ತದೆ. ಮರ ಡೇಲಿಯಾದಂತೆ ಇದೂ ತಿಂಗಳ ಲೆಕ್ಕಕ್ಕೆ ಒಗ್ಗುತ್ತದೆ. ಏಪ್ರಿಲ್‌ನಲ್ಲಿ ಗಿಡ್ಡಗೆ ಕತ್ತರಿಸಿದರೆ ಡಿಸೆಂಬರ್‌ಗೆ ಏಳಡಿಯ ಕೆಂಪು. ಕತ್ತರಿಸುವಾಗ ಹಾಲು ಕೈಗೆ ತಾಗದಂತೆ ನೋಡಿಕೊಳ್ಳಬೇಕು, ಕೆಲವರಿಗೆ ತುರಿಕೆ ಬರುತ್ತದೆ.

ಬಿಟ್ಟ ಗಿಡಗಳಲ್ಲಿ ಎರಡರ ಬಗ್ಗೆ ಹೇಳಲೇಬೇಕು. ಒಂದು ಬ್ರಗ್ಮಾನ್ಸಿಯಾ, ಕೊಂಬಿನ ಹಾಗೆ ಉದ್ದಕ್ಕೆ ನೇತಾಡುವ ಬಿಳಿ, ಹಳದಿ ಹೂ. ಹಿಂಸಾಲಿಗೆ ಹೇಳಿ ಮಾಡಿಸಿದಂಥ ಗಿಡ, ಎತ್ತರ, ಪರಿಮಳ, ನೆರಳಿಗೂ ಒಗ್ಗುತ್ತದೆ. ಆದರೆ ಬೇರಿನಿಂದ ಹೂವಿನವರೆಗೆ ವಿಷ. ದತ್ತೂರಿಯ ಹತ್ತಿರದ ಸಂಬಂಧಿ, ಅದೇ ಬಗೆಯ ವಿಷ. ಆ ಮನೆಗೆ ಪ್ರತಿ ವಾರ ಬೇರೆ ಬೇರೆ ಊರಿನ ಮಕ್ಕಳು ಬರುತ್ತಾರೆ, ಕೊಟ್ಟಿಗೆಯ ದನ ಅಂಗಳ ದಾಟಿ ಹೋಗುತ್ತದೆ. ಬೇಡವೇ ಬೇಡ ಎಂದೆ. ಇನ್ನೊಂದು ಟಿಥೋನಿಯಾ, ಅಕ್ಟೋಬರ್-ನವೆಂಬರ್‌ನಲ್ಲಿ ರಸ್ತೆಬದಿಯನ್ನೆಲ್ಲ ಹಳದಿ ಮಾಡುವ ಕಾಡು ಸೂರ್ಯಕಾಂತಿ. "ಪುಕ್ಕಟೆ ಸಿಗುತ್ತೆ, ಬೀಳೋದೂ ಇಲ್ಲ" ಎಂದರು ತೋಟದ ಕೆಲಸದ ಅಣ್ಣ. ನಿಜ. ಆದರೆ ಅದು ಒಮ್ಮೆ ಬಂದರೆ ಬಿಡುವುದಿಲ್ಲ, ಬೀಜ ಗಾಳಿಗೆ, ನೀರಿಗೆ ಹರಡಿ ತೋಟದೊಳಗೆ ಹೋಗುತ್ತದೆ. ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ ನಾವು ಬೇಲಿಯೊಳಗೆ ಕರೆದ ಲಂಟಾನ ಇವತ್ತು ಕಾಡನ್ನು ಏನು ಮಾಡಿದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಪೊದೆಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ, ಮಣ್ಣಿನಲ್ಲಿ ತೇವ ಇರುವಾಗಲೇ ನೆಟ್ಟೆವು. ಮರ ಡೇಲಿಯಾದ ತುಂಡು ಮಾರ್ಚ್-ಏಪ್ರಿಲ್‌ನಲ್ಲಿ, ಕಾಫಿಗೆ ಹೂಮಳೆ ಬಿದ್ದ ಮೇಲೆ. ಸುಗಂಧಿ, ಕಾಬಾಳೆ ಗೆಡ್ಡೆ ಮೇ ಕೊನೆಯಲ್ಲಿ.

ಮೊದಲ ಮಳೆಗಾಲ ಕಳೆದ ಮೇಲೆ

ಎಲ್ಲವೂ ಲೆಕ್ಕದಂತೆ ಆಗಲಿಲ್ಲ. ಮರ ಡೇಲಿಯಾದ ಎಳೆ ಚಿಗುರನ್ನು ಆಫ್ರಿಕನ್ ಬಸವನಹುಳು ಎರಡು ರಾತ್ರಿಯಲ್ಲಿ ಮುಗಿಸಿದವು. ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರಿಗೆ ಈ ಹುಳುವಿನ ಕಾಟ ಚೆನ್ನಾಗಿ ಗೊತ್ತು. ಸಂಜೆ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುವುದೇ ನಾವು ಕಂಡುಕೊಂಡ ದಾರಿ. ಅಕ್ಕನ ಮಗಳು ಹದಿನೈದು ದಿನ ಬಿಡದೆ ಅದನ್ನು ಮಾಡಿದಳು. ಗಿಡ ಉಳಿದದ್ದು ಅವಳಿಂದ.

ಡೇಲಿಯಾಕ್ಕೆ ಕೊಟ್ಟ ಕೋಲು ಹಾಲುವಾಣದ್ದು. ತೋಟದಲ್ಲಿ ಮರ ಸವರಿದ ಕೊಂಬೆ ರಾಶಿ ಬಿದ್ದಿತ್ತು, ಅಣ್ಣ ಅದನ್ನೇ ಹುಗಿದಿದ್ದರು. ಆಗಸ್ಟ್ ಹೊತ್ತಿಗೆ ಆರೂ ಕೋಲು ಚಿಗುರಿ ಎಲೆ ಬಿಟ್ಟವು. ಮೆಣಸಿನ ಬಳ್ಳಿಗೆ ಹಾಲುವಾಣದ ಕಂಬ ಹಾಕಿ ಬೇರು ಬರಿಸುವ ನಾಡು ಇದು, ನಾನು ಅದನ್ನು ಯೋಚಿಸಬೇಕಿತ್ತು. ಕಿತ್ತು ಒಣ ಬಿದಿರು ಕೊಡಿಸಿದೆ. ಕೀಳುವಾಗ ಎರಡು ಡೇಲಿಯಾದ ಬೇರು ಹರಿದು ಆ ವರ್ಷ ಅವು ಹೂ ಬಿಡಲಿಲ್ಲ.

ಪಗೋಡ ಹೂವಿನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದು. ಬೇರಿನಿಂದ ಮರಿ ಏಳುವ ಗಿಡ ಅದು, ಗೊತ್ತಿದ್ದೂ ಅಡ್ಡಗಟ್ಟು ಹಾಕಿಸಲಿಲ್ಲ. ಎರಡನೇ ವರ್ಷ ಹೈಡ್ರೇಂಜಿಯಾದ ನಡುವೆಯೇ ಮರಿಗಳು ಬಂದವು. ಈಗ ಹಳೆಯ ಹೆಂಚುಗಳನ್ನು ಮಣ್ಣಿನೊಳಗೆ ಒಂದಡಿ ನೆಟ್ಟಗೆ ಹೂತು ಗಡಿ ಮಾಡಿದ್ದೇವೆ.

ಪಾಯಿನ್ಸೆಟಿಯಾ ಕಲಿಸಿದ ಪಾಠ ಮಾತ್ರ ನನಗೆ ತುಂಬ ಇಷ್ಟವಾಯಿತು. ಒಂದೇ ತಾಯಿಗಿಡದ ಎರಡು ಕಡ್ಡಿ, ಒಂದೇ ಮಣ್ಣು, ಒಂದೇ ಗೊಬ್ಬರ. ಡಿಸೆಂಬರ್‌ನಲ್ಲಿ ಪಡುವಣದ ಗಿಡ ಕೆಂಪಾಯಿತು, ಮೂಡಣದ್ದು ಹಸಿರಾಗಿಯೇ ಉಳಿಯಿತು. ಅಕ್ಕ ಗೊಬ್ಬರ ಕಡಿಮೆಯಾಯಿತೇನೋ ಎಂದು ಕೊರಗಿದರು. ಒಂದು ಸಂಜೆ ಅಲ್ಲೇ ಉಳಿದಾಗ ಕಾರಣ ಕಂಡಿತು. ಕಾರು ನಿಲ್ಲಿಸುವ ಜಾಗದ ದೀಪ ಆ ಗಿಡದ ತಲೆಯ ಮೇಲೆಯೇ ರಾತ್ರಿಯಿಡೀ ಉರಿಯುತ್ತಿತ್ತು. ದಿನವೂ ದೀರ್ಘವಾದ, ನಡುವೆ ಬೆಳಕು ತಾಗದ ಕತ್ತಲೆ ವಾರಗಟ್ಟಲೆ ಸಿಕ್ಕರೆ ಮಾತ್ರ ಪಾಯಿನ್ಸೆಟಿಯಾದ ಮೇಲೆಲೆ ಕೆಂಪಾಗುವುದು. ನಾವು ಹೂ ಎನ್ನುವುದು ಆ ಎಲೆಯನ್ನೇ, ನಿಜವಾದ ಹೂ ನಡುವಿನ ಪುಟ್ಟ ಹಳದಿ ಗುಂಡು. ದೀಪಕ್ಕೆ ಕೆಳಮುಖದ ತಗಡಿನ ಮರೆ ಹಾಕಿಸಿದರು. ಮುಂದಿನ ವರ್ಷ ಎರಡೂ ಕೆಂಪು. ಮರ ಡೇಲಿಯಾಕ್ಕೂ ಇದೇ ತೊಂದರೆ ಆಗಬಹುದಿತ್ತು, ಅದು ದೀಪದಿಂದ ದೂರ ಇದ್ದದ್ದು ಅದೃಷ್ಟ. ಹೋಂಸ್ಟೇಗಳಲ್ಲಿ ಅಂಗಳದ ತುಂಬ ದೀಪ ಹಾಕುವ ಈ ಕಾಲದಲ್ಲಿ ಚಳಿಗಾಲದ ಹೂಗಿಡ ನೆಡುವವರು ರಾತ್ರಿ ಒಮ್ಮೆ ಹೋಗಿ ಜಾಗ ನೋಡಬೇಕು.

ಹೈಡ್ರೇಂಜಿಯಾ ಬಗ್ಗೆ ಒಂದು ಮಾತು. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಬೇರಿಗೆ ಸಿಗುವುದರಿಂದ ನಮ್ಮಲ್ಲಿ ಅದು ನೀಲಿ. ಪಾತಿಯ ಒಂದು ಮೂಲೆಯಲ್ಲಿ ಮಾತ್ರ ಗುಲಾಬಿಗೆ ತಿರುಗಿತು. ಪಕ್ಕದ ತೋಟಕ್ಕೆ ಹಾಕಲು ತಂದ ಸುಣ್ಣದ ಚೀಲಗಳನ್ನು ಅಲ್ಲೇ ಇಟ್ಟಿದ್ದರು. ಅಕ್ಕನಿಗೆ ಡೆಲ್ಫಿನಿಯಂನ ನೀಲಿ ಸಿಗಲಿಲ್ಲ, ಹೈಡ್ರೇಂಜಿಯಾದ ನೀಲಿ ಸಿಕ್ಕಿತು. ಚೀಲಗಳನ್ನು ಅವರೇ ಎತ್ತಿಸಿ ದೂರ ಇಡಿಸಿದರು.

ಗಾಳಿಯ ವಿಷಯದಲ್ಲಿ ಲೆಕ್ಕ ಸರಿಹೋಯಿತು. ಎರಡು ಮಳೆಗಾಲದಲ್ಲಿ ಹಿಂಸಾಲಿನಲ್ಲಿ ಮುರಿದದ್ದು ಒಂದೇ ಒಂದು ಡೇಲಿಯಾ ಕಾಂಡ, ಅದೂ ನವೆಂಬರ್‌ನ ಒಂದು ಸಂಜೆ ಗುಡುಗುಮಳೆಗೆ. ಜೂನ್ ಕೊನೆಯಲ್ಲಿ ಗಿಡ ಕತ್ತರಿಸುವ ದಿನ ಅಕ್ಕನಿಗೆ ಇನ್ನೂ ಸಂಕಟ. "ಇಷ್ಟು ಚೆನ್ನಾಗಿ ಬಂದಿರುವಾಗ" ಎನ್ನುತ್ತಾರೆ. ಕತ್ತರಿ ಅಣ್ಣನ ಕೈಗೆ ಕೊಟ್ಟು ಒಳಗೆ ಹೋಗುತ್ತಾರೆ.

ಒಂದು ಜಾಗ ಮಾತ್ರ ನನ್ನ ನಕ್ಷೆಯಲ್ಲಿ ಖಾಲಿಯೇ ಇತ್ತು: ಸುಗಂಧಿಗೂ ಬರೆಗೂ ನಡುವೆ, ಬಿಸಿಲೇ ಬೀಳದ ನಾಲ್ಕಡಿ ಮೂಲೆ. ಅಲ್ಲಿ ಏನು ಹಾಕಿದರೂ ಸೊರಗಿತು. ಅತ್ತೆ ನನ್ನನ್ನು ಕೇಳದೆಯೇ ಅಲ್ಲಿ ಮದ್ದುಸೊಪ್ಪಿನ ಕಡ್ಡಿ ಊರಿಬಿಟ್ಟಿದ್ದರು. ನೆರಳು, ನೀರು ಎರಡೂ ಅದಕ್ಕೆ ಬೇಕಾದದ್ದೇ, ಎದೆಯೆತ್ತರಕ್ಕೆ ಬೆಳೆದು ಮೂಲೆ ಮುಚ್ಚಿತು. ಕಕ್ಕಡ ಹದಿನೆಂಟರಂದು ಆ ಮನೆಯ ಪಾಯಸಕ್ಕೆ ನೇರಳೆ ಬಣ್ಣ ಈಗ ಪಾತಿಯಿಂದಲೇ ಬರುತ್ತದೆ. ಅದರ ಆಚೆ, ಕಾಬಾಳೆಯ ದಂಟು ಹಿಡಿದು ಒಂದು ಗೌರಿ ಹೂವಿನ ಬಳ್ಳಿ ತಾನಾಗಿ ಎದ್ದಿದೆ, ಕೊಡವರ ತೋಕ್‌ಪೂ. ಅದರ ಗೆಡ್ಡೆಯಲ್ಲಿ ಕಡು ವಿಷವಿದೆ ಎಂದು ಮಕ್ಕಳಿಗೆ ಹೇಳಿಟ್ಟಿದ್ದಾರೆ, ಬಳ್ಳಿ ಓಣಿಯ ಒಳಗಡೆ ಇರುವುದರಿಂದ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಬ್ರಗ್ಮಾನ್ಸಿಯಾ ಬೇಡವೆಂದ ನಾನು ಇದನ್ನು ಕೀಳಿಸಲೇ ಎಂದು ಕೇಳಿದೆ. "ಅದು ಹಬ್ಬದ ಹೂ, ಇರಲಿ" ಎಂದರು ಅತ್ತೆ. ಈ ಸಲದ ಕೈಲ್‌ಪೊಳ್ದ್ ದಿನ ಕೋವಿಗೆ ಸಿಕ್ಕಿಸಿದ ಹೂ ಆ ಬಳ್ಳಿಯದ್ದು.